ನೀ ಏನ್ ಮಾಡಿದಿ?

ಹೋದ ದೀಪಾವಳಿಗೆ ಬೆಂಗಳೂರಿಂದ ರಾತ್ರಿಯೆಲ್ಲ ಕಾರು ಓಡಿಸಿ ಊರಿಗೆ ಹೊಂಟಿದ್ದೆ. ಹಾನಗಲ್ ದಾಟಿ ಕಾಡಂಚಿಗೆ ಬಂದಾಗ ಬೆಳಗಿನ ನಾಲ್ಕು ಗಂಟೆ. ಮೀಸಲು ಅರಣ್ಯ ಅಂತ ಬರೆದ ಬೋರ್ಡಿನ ಬುಡಕ್ಕೇ ಒಂದು ಟ್ಯಾಂಕರ್ ನಿಂತಿತ್ತು. ಲೈಟು ಆರಿಸಿ ಪೈಪನ್ನ ಹಳ್ಳಕ್ಕೆ ಬಿಟ್ಟಿದ್ರು. ಗ್ಲಾಸು ಏರಿಸಿದ್ರೂ ಕೊಳೆತ ತತ್ತಿ ವಾಸನೆ. ನಂಬರಿನ ಫೋಟೋ ತೆಗೀಬಹುದಿತ್ತು. ತೆಗೀಲಿಲ್ಲ. ಯಾಕ್ ಬೇಕು ಅಂತ ಗೇರ್ ಹಾಕಿದೆ.

ಮನೇಲಿ ಹೇಳಿದ್ರೆ ದೊಡ್ಡಪ್ಪ ಕೇಳಿದ್ದು ಒಂದೇ: "ನೀ ಏನ್ ಮಾಡಿದಿ?"

ಕೇಳೋ ಹಕ್ಕು ಅವನಿಗಿತ್ತು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಹೊಲಸು ನೀರು ತುಂಗಭದ್ರೆಗೆ ಸೇರಿ, 1980ರ ದಶಕದಲ್ಲಿ ಮೀನು ಸತ್ತು ತೇಲಿದ್ದವು. ಅದು ಹೊಳೆ ದಂಡೆಯವರ ಪಾಡು ಅಂತ ನಮ್ಮ ಕಡೆಯವರು ಸುಮ್ಮನಿರ್ತಿದ್ರೇನೋ. ಆದರೆ ಆ ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ಬೇಕಿತ್ತು. 1984ರಲ್ಲಿ ಸರ್ಕಾರ ಅದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನ ನೀಲಗಿರಿಗೆ ಕೊಡೋಕೆ ಹೊರಟಿತು. ದನ ಮೇಯೋ ಜಾಗ, ಕಟ್ಟಿಗೆ ಆರಿಸೋ ಜಾಗ. ಹೊಳೆಗೆ ಬಿಟ್ಟ ಪೈಪಿನ ಇನ್ನೊಂದು ತುದಿ ನಮ್ಮ ಗಾಯರಾಣದಾಗೇ ಐತಿ ಅಂತ ಆಗ ತಿಳೀತು.

1987ರ ನವೆಂಬರ್ 14ಕ್ಕೆ ನಮ್ಮ ತಾಲೂಕಿನ ಕುಸನೂರಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಮುಂದಾಳತ್ವ. ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದ್ರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ರು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯ್ತು.

"ಕದ್ದು ಕೀಳಲಿಲ್ಲೋ ತಮ್ಮಾ. ಮೊದಲ ಹೇಳಿ, ಹಗಲೊತ್ತಿನ್ಯಾಗ ಕಿತ್ತಿವಿ" ಅಂದ ದೊಡ್ಡಪ್ಪ.

ಮಧ್ಯಾಹ್ನ ಇಬ್ಬರೂ ಹಳ್ಳಕ್ಕೆ ಹೋದ್ವಿ. ಹುಲ್ಲಿನ ಬುಡಕ್ಕೆ ಕಪ್ಪು ನೀರು ನಿಂತಿತ್ತು. ನೀರು ಕುಡಿಯೋಕೆ ಬಂದ ದನದ ಹೆಜ್ಜೆ ಅಂಚಿನವರೆಗೆ ಬಂದು ಹಾಗೇ ತಿರುಗಿದ್ವು. ಫೋಟೋ ತೆಗೆದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದೆ. ಕೆಳಗೆ 'ಓರ್ವ ನಾಗರಿಕ' ಅಂತ ಹಾಕಿದ್ದೆ. ದೊಡ್ಡಪ್ಪ ಚಾಳೀಸು ಏರಿಸಿ ಓದಿ, "ಇಂವ ಯಾರು?" ಅಂದ.

ಅದನ್ನ ಹೊಡೆದು ಹಾಕಿ ನನ್ನ ಹೆಸರು, ಊರು, ಫೋನ್ ನಂಬರ್ ಬರೆದೆ. ಟ್ಯಾಂಕರ್ ನಂಬರ್ ಬರೆಯೋ ಜಾಗ ಮಾತ್ರ ಖಾಲಿ ಉಳೀತು. ಅದಕ್ಕೆ ನಾನು ಯಾರನ್ನೂ ಬೈಯೋ ಹಾಗಿಲ್ಲ.