ಅವ್ವನ ಬೋರಮಾಳ ಅಡವಿಡುವ ಮೊದಲು

ಅಣ್ಣನ ಕುಡಿತ ಬಿಡಿಸಲು ಸಂಗನಕಲ್ಲಿನ ನಮ್ಮ ಮನೆಯಿಂದ ಮೊದಲು ಹೋದದ್ದು ಅವ್ವನ ಬೋರಮಾಳ. ಅಡವಿಟ್ಟು ಖಾಸಗಿ ಕೇಂದ್ರವೊಂದಕ್ಕೆ ದುಡ್ಡು ಕಟ್ಟಿದೆವು. ಮನೆಗೆ ಬಂದ ಅಣ್ಣ ಹಬ್ಬಕ್ಕೆ ಮತ್ತೆ ಕುಡಿದ. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಆಮೇಲೆ ತಿಳಿಯಿತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದ ಚಟವೂ ಕಾಯಿಲೆಯೇ. ಬಡವರಿಗೆ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಚಿಕಿತ್ಸೆ ಉಚಿತ. ಹಿಂದೆ ವಿಮ್ಸ್ ಎಂಬ ಹೆಸರಿದ್ದ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಮನೋರೋಗ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಖರ್ಚೇ ಇಲ್ಲವೆಂದಲ್ಲ. ಬಸ್ ಚಾರ್ಜು ಬೇಕು, ಜೊತೆಗೆ ಹೋದವರ ಒಂದು ದಿನದ ಕೂಲಿ ಹೋಗುತ್ತದೆ. ಆದರೆ ಅದಕ್ಕೆ ಬಂಗಾರ ಅಡವಿಡಬೇಕಿಲ್ಲ.

ಬೋರಮಾಳ ಇನ್ನೂ ಬಿಡಿಸಿಲ್ಲ. ಅಣ್ಣ ಮಾತ್ರ ಈಗ ಚೀಟಿ ಹಿಡಿದು ತಾನೇ ಆಸ್ಪತ್ರೆಗೆ ಹೋಗಿಬರುತ್ತಾನೆ.