ಲೆನ್ಸಿಗೂ ಒಂದು ತಕ್ಕಡಿ ಬೇಕು

ನಮ್ಮನೆ ಬೀರೂನ ಮೇಲಿನ ಅರೆ ಈಗ ಸೀರೆಗಳದ್ದಲ್ಲ, ಲೆನ್ಸ್‌ಗಳದ್ದು. ತಮ್ಮ ಮದ್ವೆ ವಿಡಿಯೋ ತೆಗೀತಾನೆ. ಮಾಂಬಳ್ಳಿ, ಅಗರ, ಯಳಂದೂರು, ಕೊಳ್ಳೇಗಾಲ, ಹನೂರು, ಯಾವ ದಿಕ್ಕಲ್ಲಿ ಮುಹೂರ್ತ ಇದ್ರೂ ಅವನ ಬ್ಯಾಗು ಹೊರಡ್ತದೆ. ಲೆಕ್ಕ ಬರೆಯೋದು, ಬ್ಯಾಟರಿ ಚಾರ್ಜಿಗೆ ಹಾಕೋದು, ಲೆನ್ಸ್ ಒರೆಸಿಡೋದು ನನ್ನ ಪಾಲು. ಆಳು ಕಮ್ಮಿ ಇದ್ದ ದಿನ ನಾನೇ ಬ್ಯಾಗ್ ಹಿಡ್ಕಂಡು ಹೋಯ್ತೀನಿ. ಹಂಗಾಗಿ ಈ ಸಾಮಾನಿನ ಕಷ್ಟಸುಖ ನನಗೂ ಗೊತ್ತು.

ಈ ವರ್ಷ ಚೀಟಿ ದುಡ್ಡು ಕೈಗೆ ಬಂತು. ಅವ್ವನಿಗೆ ಅಡಿಗೆ ಮನೆ ಸೂರು ರಿಪೇರಿ ಆಗ್ಬೇಕು, ಮಳೆ ಬಂದ್ರೆ ನೀರು ಒಲೆ ಮೇಲೇ ತೊಟ್ಟಿಕ್ತದೆ. ತಮ್ಮನಿಗೆ ಮೂರು ಲೆನ್ಸ್ ಬೇಕು. "ಅಕ್ಕ, ದೊಡ್ಡ ಕ್ಯಾಮೆರಾ ಹೆಂಗೂ ಬಾಡಿಗೆಗೆ ತರ್ತೀವಿ. ಲೆನ್ಸೂ ಬಾಡಿಗೇದೆ ಆದ್ರೆ ನಮ್ ಕೈಗೇನ್ ಉಳಿತದೆ ಹೇಳು?" ಅಂದ. ಅವನ ಮಾತಲ್ಲೂ ನ್ಯಾಯ ಇತ್ತು. ಸೂರೂ ಆಗ್ಬೇಕು, ಲೆನ್ಸೂ ಬೇಕು. ಅದಕ್ಕೇ ನಾವಿಬ್ರೂ ಕೂತ್ಕಂಡು ಒಂದೊಂದಾಗಿ ಅಳೆದು ನೋಡಿದ್ವಿ.

ಅವನು ಬಾಡಿಗೆಗೆ ತರೋದು ಡಿಜೆಐ ರೋನಿನ್ 4ಡಿ. 2021ರ ಅಕ್ಟೋಬರಿನಲ್ಲಿ ಬಂದ ಸಿನಿಮಾ ಕ್ಯಾಮೆರಾ. ಬೇರೆ ಕ್ಯಾಮೆರಾಗಳಿಗೆ ಗಿಂಬಲ್ ಅಂತ ಬೇರೆ ಹಿಡಿಕೆ ಕಟ್ಟಬೇಕು, ಇದ್ರಲ್ಲಿ ಕ್ಯಾಮೆರಾ ಗಿಂಬಲ್ ಎರಡೂ ಒಂದೇ ಮೈಯಿ. ಸಾಮಾನ್ಯ ಗಿಂಬಲ್ ಮೂರು ಥರದ ತಿರುಗಾಟ ತಡೀತದೆ: ಅಡ್ಡಕ್ಕೆ ತಿರುಗೋದು, ಮೇಲೆ ಕೆಳಗೆ ಬಾಗೋದು, ಪಕ್ಕಕ್ಕೆ ವಾಲೋದು. ನಾವು ನಡೆಯೋವಾಗ ಹೆಜ್ಜೆಹೆಜ್ಜೆಗೂ ಮೈ ಎದ್ದು ಇಳೀತದಲ್ಲ, ಆ ಕುಲುಕಾಟ ಅದರ ಕೈಲಿ ನಿಲ್ಲಲ್ಲ. ರೋನಿನ್ 4ಡಿಯಲ್ಲಿ ಅದಕ್ಕೇ ಅಂತ ನಾಲ್ಕನೇ ತೋಳು ಇದೆ. ಬಿಡುಗಡೆ ಆದಾಗ 6ಕೆ ಮಾದರಿಗೆ 7,199 ಡಾಲರ್ ಬೆಲೆ ಇಟ್ಟಿದ್ರು. ನಮ್ಮಂಥೋರು ಕೊಂಡ್ಕಳೋ ಮಾತಲ್ಲ, ಮೈಸೂರಿಂದ ದಿನದ ಬಾಡಿಗೆಗೆ ತರೋದೇ ಸೈ.

ಮೊದಲ ಪ್ರಶ್ನೆ, ಯಾವ ಮೌಂಟಿನ ಲೆನ್ಸು? ಮೌಂಟ್ ಅಂದ್ರೆ ಲೆನ್ಸು ಕೂರೋ ಬಾಯಿ. ಈ ಕ್ಯಾಮೆರಾದ ಬಾಯಿ ಬಿಚ್ಚಿ ಬೇರೆ ಹಾಕ್ಬೋದು. ಕಂಪನಿಯದೇ ಡಿಎಲ್ ಇದೆ, ಲೈಕಾ ಎಂ ಇದೆ, ಸೋನಿ ಇ ಇದೆ. ಡಿಎಲ್ ಲೆನ್ಸ್‌ಗಳು ಬಲು ಹಗುರ, 24, 35, 50 ಎಂಎಂ ಮೂರೂ ತಲಾ ಇನ್ನೂರು ಗ್ರಾಂ ದಾಟಲ್ಲ. ಆದ್ರೆ ಅವು ಕೂರೋದು ಆ ಮನೆತನದ ಬಾಯಿಗೆ ಮಾತ್ರ. ನಮ್ಮ ತಮ್ಮನ ಸ್ವಂತದ ಕ್ಯಾಮೆರಾ ಸೋನಿ. ಇ ಮೌಂಟಿನ ಲೆನ್ಸ್ ಕೊಂಡ್ರೆ ಬಾಡಿಗೆ ಕ್ಯಾಮೆರಾಕ್ಕೂ ಆಯ್ತು, ಮನೇದಕ್ಕೂ ಆಯ್ತು. ಒಂದೇ ಪಾತ್ರೆ ಎರಡು ಒಲೆಗೂ ಕೂತಂಗೆ. ಆದ್ರೆ ಸೋನಿ ಲೆನ್ಸ್ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಆಟೋಫೋಕಸ್ ಓಡಲ್ಲ. ಯಾವ್ಯಾವುದು ಓಡ್ತದೆ ಅಂತ ಕಂಪನಿಯ ಪಟ್ಟಿ ಇರ್ತದೆ, ದುಡ್ಡು ಎಣಿಸೋಕೆ ಮುಂಚೆ ಅದನ್ನ ನೋಡ್ಬೇಕು.

ಎರಡನೇ ಪ್ರಶ್ನೆ, ಎಷ್ಟು ಎಂಎಂ? ಇದಕ್ಕೆ ಅಂಗಡಿಯೋರನ್ನ ಕೇಳ್ಬೇಕಾಗಿಲ್ಲ, ಟೇಪು ತಕಂಡು ಪಡಸಾಲೆ ಅಳೆದ್ರೆ ಸಾಕು. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಹತ್ತಡಿ ದೂರ ನಿಂತ್ರೆ 24 ಎಂಎಂ ಲೆನ್ಸಲ್ಲಿ ಹದಿನೈದಡಿ ಅಗಲ ಕಾಣ್ತದೆ. 35ರಲ್ಲಿ ಹತ್ತಡಿ ಚಿಲ್ಲರೆ. 50ರಲ್ಲಿ ಏಳಡಿ ಅಷ್ಟೇ. ನಮ್ ಕಡೆ ಅರಿಶಿಣ ಶಾಸ್ತ್ರ ಆಗೋದು ಮನೆ ಪಡಸಾಲೇಲಿ. ಗೋಡೆಗೆ ಬೆನ್ನು ಕೊಟ್ಟು ನಿಂತ್ರೂ ಹತ್ತಡಿ ಸಿಕ್ಕೋದು ಕಷ್ಟ. ಅಲ್ಲಿ 50 ಹಾಕಿದ್ರೆ ಹುಡುಗಿ ಕಾಣ್ತಾಳೆ, ಅರಿಶಿಣ ಹಚ್ಚೋ ಸೋದರತ್ತೆ ಆಚೆಗೆ ಉಳೀತಾಳೆ. ಆಮೇಲೆ ವಿಡಿಯೋ ನೋಡಿ ಸೋದರತ್ತೆ ಮುನಿಸ್ಕಂಡ್ರೆ ಸಮಾಧಾನ ಮಾಡೋರು ಯಾರು? ಹಂಗಾಗಿ ಮನೆ ಒಳಗಿಗೆ 24, ಛತ್ರದ ಧಾರೆಗೆ 35. ಮುಖ ಮಾತ್ರ ಬೇಕು ಅಂದಾಗ 50. ಇನ್ನೊಂದು ಸಂಗತಿ, ಅಗಲದ ಲೆನ್ಸಲ್ಲಿ ಕೈ ನಡುಕ ಕಮ್ಮಿ ಕಾಣ್ತದೆ, ಉದ್ದದ ಲೆನ್ಸಲ್ಲಿ ಸಣ್ಣ ಅಲುಗಾಟವೂ ದೊಡ್ಡದಾಯ್ತದೆ. ನಡಕಂಡು ತೆಗಿಯೋರಿಗೆ ಅದೂ ಲೆಕ್ಕಕ್ಕೆ ಬತ್ತದೆ.

ಮೂರನೇದು ಎಫ್ ನಂಬರು. ತಮ್ಮನ ಮನಸ್ಸು 50 ಎಂಎಂ ಎಫ್1.4 ಮೇಲಿತ್ತು. ಹಿಂದೆ ಎಲ್ಲಾ ಮಸುಕಾಗಿ ಮುಖ ಮಾತ್ರ ಹೊಳೀತದೆ ಅಂತ. ಹೊಳೀತದೆ ನಿಜ. ಆದ್ರೆ ಆರಡಿ ದೂರದಿಂದ ಎಫ್1.4ರಲ್ಲಿ ಚೊಕ್ಕವಾಗಿ ಕಾಣೋ ಆಳ ಅರ್ಧ ಗೇಣು. ಗಂಡು ತಾಳಿ ಕಟ್ಟೋವಾಗ ಬೆರಳು ಚೊಕ್ಕ ಇದ್ರೆ ಹುಡುಗಿ ಮುಖ ಮಸುಕು, ಮುಖ ಹಿಡಿದ್ರೆ ತಾಳಿ ಮಸುಕು. ಅದೇ ದೂರದಲ್ಲಿ 35 ಎಂಎಂ ಎಫ್2.8 ಆದ್ರೆ ಒಂದು ಮೊಳ ಆಳ ಸಿಕ್ತದೆ. ಕೈ, ತಾಳಿ, ಮುಖ ಮೂರೂ ಅದರೊಳಗೆ ಬಂದ್ಬಿಡ್ತವೆ. ತಾಳಿ ಕಟ್ಟೋದು ಒಂದೇ ಸಲ, ಇನ್ನೊಂದ್ಸಲ ಕಟ್ಟಪ್ಪಾ ಅನ್ನಕಾಯ್ತದಾ? ತೂಕವೂ ಹಂಗೇ. ಸೋನಿಯ 50 ಎಂಎಂ ಎಫ್1.4 ಜಿಎಂ 516 ಗ್ರಾಂ, ಎಫ್2.5 ಜಿ 174 ಗ್ರಾಂ. ಕತ್ತಲೆ ಬೆಳಗಿನ ಮುಹೂರ್ತಕ್ಕೆ ಬೆಳಕು ಸಾಲ್ದು ಅನ್ನೋ ಭಯವೂ ಬೇಡ, ಈ 6ಕೆ ಕ್ಯಾಮೆರಾಕ್ಕೆ 800 ಅಲ್ದೆ 5000ದ ಇನ್ನೊಂದು ಮೂಲ ಐಎಸ್‌ಒ ಇದೆ.

ಬೆಳಕಿನ ಮಾತು ಬಂದಾಗ ನಾನು ವಿ.ಕೆ. ಮೂರ್ತಿಯವರನ್ನ ನೆನೆಸ್ಕತೀನಿ. ಮೈಸೂರಿನವರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. 1959ರ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಕನ್ನಡಿ ಹಿಡಿದು ಬಿಸಿಲನ್ನ ಒಳಗೆ ಬಗ್ಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದ್ರು. ನಮ್ ತಮ್ಮ ಕಿಟಕಿ ಎದುರಿಗೆ ಬಿಳೀ ಪಂಚೆ ಹಿಡಿಸ್ತಾನೆ. ಲೆನ್ಸಿಗೆ ಸುರಿಯೋ ದುಡ್ಡು ಕೆಲವು ಸಲ ಒಂದು ಪಂಚೇಲೇ ಉಳೀತದೆ.

ಇನ್ನು ರಿಪೇರಿ ಮಾತು. ಹೋದ ವರ್ಷ ಕೊಳ್ಳೇಗಾಲದ ಒಂದು ಛತ್ರದಲ್ಲಿ ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇರೋವಾಗ ಕ್ಯಾಮೆರಾ ಗುಯ್ಯ್ ಅಂತ ಸದ್ದು ಮಾಡ್ತಾ ನಡುಗಕ್ಕೆ ಶುರು ಮಾಡ್ತು. ಹುಡುಗ್ರು ಸೆಟ್ಟಿಂಗ್ ಒತ್ತೋರು ಒತ್ತಿದ್ರು, ಆರಿಸಿ ಹಚ್ಚೋರು ಹಚ್ಚಿದ್ರು. ತಮ್ಮ ಮಾತ್ರ, "ಇರ್ರಪ್ಪ, ಮೊದ್ಲು ತೂಕ ನೋಡವ" ಅಂದ. ನೋಡಿದ್ರೆ ಬಾಡಿಗೆಯ ಜೂಮ್ ಲೆನ್ಸಿನ ಮೂತಿಗೆ ಸಹಾಯಕ್ಕೆ ಬಂದ ಹುಡುಗ ದಪ್ಪ ಫಿಲ್ಟರು, ಅದರ ಮೇಲೊಂದು ಹುಡ್ಡು ಹಾಕಿದ್ದ. ಬಿಸಿಲು ಜಾಸ್ತಿ ಅಂತ. ಈ ಕ್ಯಾಮೆರಾದ ಒಳಗೇ ಒಂಬತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಇದೆ, ಹೊರಗಿನದು ಬೇಕೇ ಇಲ್ಲ. ಬಿಚ್ಚಿ ಇಟ್ಟ, ಸದ್ದು ನಿಂತೋಯ್ತು.

ಆವತ್ತಿಂದ ನಾವು ನೋಡೋ ಕ್ರಮ ಇದು. ಮೋಟಾರು ಆರಿಸಿ ಬೀಗ ಬಿಚ್ಚಿ ಕ್ಯಾಮೆರಾ ಮೂತಿ ನೇರ ಮಾಡಿ ಬಿಡಬೇಕು. ಸರಿಯಾದ ತಕ್ಕಡಿ ಥರ ಬಿಟ್ಟ ಕಡೇನೇ ನಿಲ್ಬೇಕು. ಮುಂದಕ್ಕೆ ಬಗ್ಗಿದ್ರೆ ಲೆನ್ಸು ಭಾರ ಅಂತ ಅರ್ಥ. ಜೂಮ್ ಮಾಡಿದಾಗ ಉದ್ದ ಆಗೋ ಲೆನ್ಸಾದ್ರೆ ತೂಕವೂ ಮುಂದಕ್ಕೆ ಸರೀತದೆ, ನಾವು ಒಂದೇ ಅಳತೆಯ ಲೆನ್ಸ್ ಇಷ್ಟಪಡೋದು ಅದಕ್ಕೇ. ತೂಕ ಸರಿ ಇದ್ರೂ ನಡುಗಿದ್ರೆ ವೈರು, ಪಟ್ಟಿ ಎಲ್ಲಾದ್ರೂ ತಗುಲ್ತದಾ ನೋಡಿ. ಹೆಜ್ಜೆ ಕುಲುಕು ನಿಲ್ದಿದ್ರೆ ಪ್ರಯಾಣಕ್ಕೆ ಹಾಕಿದ ನಾಲ್ಕನೇ ತೋಳಿನ ಬೀಗ ಹಂಗೇ ಇರ್ತದೆ. ಕ್ಯಾಲಿಬ್ರೇಷನ್ ಕೊನೆಗೆ, ಅದೂ ಗಟ್ಟಿ ಸಮ ನೆಲದ ಮೇಲೆ. ಚಪ್ಪರದ ಹಲಗೆ ಮೇಲೆ ಜನ ಓಡಾಡೋವಾಗ ಬೇಡ.

ಫೋಕಸ್ ತಡಕಾಡಿದ್ರೆ ಲೈಡಾರ್ ಕಣ್ಣು ಒರೆಸಿ. ಲೇಸರ್ ಬೆಳಕು ಹಾಯಿಸಿ ದೂರ ಅಳೆಯೋ ಕಣ್ಣು ಅದು, ಹತ್ತು ಮೀಟರ್ ಒಳಗಿನ ಕೆಲಸ. ಅಕ್ಷತೆ ಅರಿಶಿಣ ಮೆತ್ಕಂಡ್ರೆ, ನಡುವೆ ಗಾಜು ಬಂದ್ರೆ ಏಮಾರ್ತದೆ. ಸೀರಿಯಲ್ ಲೈಟು ಮಿಣಿಮಿಣಿ ಅಂದ್ರೆ ಲೆನ್ಸಿನ ತಪ್ಪಲ್ಲ. ನಮ್ ಕರೆಂಟು 50 ಹರ್ಟ್ಸು, ಶಟರು 50ರಲ್ಲೊಂದು ಇಲ್ಲಾ 100ರಲ್ಲೊಂದಕ್ಕೆ ಇಟ್ರೆ ಸಾಮಾನ್ಯವಾಗಿ ನಿಲ್ತದೆ. ಏಸಿ ಕಾರಿಂದ ಇಳಿದ ತಕ್ಷಣ ಲೆನ್ಸ್ ತೆಗೆದ್ರೆ ತಣ್ಣೀರ ಚೊಂಬಿನ ಥರ ಬೆವರ್ತದೆ, ಬ್ಯಾಗಲ್ಲೇ ಸ್ವಲ್ಪ ಹೊತ್ತು ಬೆಚ್ಚಗಾಗ್ಲಿ. ಮಳೆಗಾಲದಲ್ಲಿ ಬೂಷ್ಟು ಹಿಡೀದಂಗೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬೀಲಿ ಇಡೋದು ನನ್ನ ಕೆಲಸ.

ಕೊನೆಗೆ ತಕಂಡಿದ್ದು ಎರಡೇ, 24 ಮತ್ತು 35. 50 ಬೇಕಾದ ದಿನ ಬಾಡಿಗೆಗೆ. ಉಳಿದ ದುಡ್ಡಿಗೆ ಸೂರಿನ ಶೀಟು ಬಂತು. "ಅಂತೂ ನನ್ ಒಲೆ ನೆನೀದಂಗಾಯ್ತು ಬುಡು" ಅಂದ್ಲು ಅವ್ವ. ತಮ್ಮ ಮೂರು ದಿನ ಮುಖ ಊದಿಸ್ಕಂಡಿದ್ದ. ನಾಲ್ಕನೇ ದಿನ ಯಳಂದೂರಿನ ಮದ್ವೆ ಮನೇಲಿ 35 ಹಾಕ್ಕಂಡು ಧಾರೆ ತೆಗೆದ. ಹುಡುಗಿ ಅಪ್ಪ ಕಣ್ಣೊರೆಸ್ಕಳೋದು, ಪಕ್ಕದಲ್ಲಿ ಅವರವ್ವ ಅವರ ತೋಳು ಹಿಡಿದಿದ್ದು, ಎರಡೂ ಒಂದೇ ಚೌಕಟ್ಟಲ್ಲಿ ಬಂದಿತ್ತು. ನಾನು ನೋಡಿ ಏನೂ ಅನ್ಲಿಲ್ಲ. ಅವನೂ ಅನ್ಲಿಲ್ಲ.

ನಿಮ್ಮನೇಲೂ ಯಾರಾದ್ರೂ ಲೆನ್ಸ್ ಕೇಳಿದ್ರೆ ಬೈಬೇಡಿ. ಟೇಪು ಕೈಗೆ ಕೊಟ್ಟು, ಅವರು ನಿಲ್ಲೋ ಜಾಗ ಅಳೆದು ಬರೋಕೆ ಹೇಳಿ.