ಏರು ನೋಡಿ ಅಲ್ಲ, ಇಳಿಜಾರು ನೋಡಿ ಸೈಕಲ್ ತಗೊಳ್ಳಿ

ಮೊದಲು ಮಳೆ ಲೆಕ್ಕ: ನಿನ್ನೆ ಸಂಜೆ 45 ಸೆಂಟ್ಸ್, ಮೊನ್ನೆ ಏನೂ ಇಲ್ಲ. ಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕೆ ಇರಲಿ. ಈ ಸಲ ಸೈಕಲ್ ವಿಚಾರ. ಮಗಳು ತಗೊಂಡ ಬ್ಯಾಟರಿ ಸೈಕಲ್ ನೋಡಿದ ಮೇಲೆ ಅಕ್ಕಪಕ್ಕದ ಮೂರು ಮನೆಯಿಂದ ಫೋನ್ ಬಂತು. "ನಮ್ಮ ಹುಡುಗನೂ ಕೇಳ್ತಾ ಇದಾನೆ, ಯಾವುದು ನೋಡೋದು?" ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದು ಹಾಕ್ತಿದೀನಿ. ಸ್ವಲ್ಪ ಉದ್ದ ಇದೆ, ಕೆಲಸ ಮುಗಿಸಿ ಓದಿ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ಇದು ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗೋ ಸೈಕಲ್ ಅಲ್ಲ. ಗೊಬ್ಬರದ ಮೂಟೆಗೆ ನಮ್ಮ ಎಕ್ಸೆಲ್ ಇದೆ, ಅದನ್ನ ಮೀರಿಸೋದು ಯಾವುದೂ ಇಲ್ಲ. ನಾನು ಹೇಳ್ತಿರೋದು ಮಕ್ಕಳು ಕಲ್ಲು, ಬೇರು, ತಿರುವು ಅಂತ ನೋಡದೆ ಗುಡ್ಡದಿಂದ ಜೋರಾಗಿ ಇಳಿಸ್ತಾರಲ್ಲ, ಆ ಟ್ರೇಲ್ ಸವಾರಿಯ ಮೌಂಟನ್ ಬೈಕ್ ಬಗ್ಗೆ. ಅದರಲ್ಲೂ ಮೋಟಾರ್ ಇರೋದು, ಅದರಲ್ಲೂ ಹಗುರ ಇರೋದು. ಒಳ್ಳೇದು ಅಂದ್ರೆ ಒಂದು ಪವರ್ ಟಿಲ್ಲರ್ ಬೆಲೆ ದಾಟುತ್ತೆ. ಆದ್ದರಿಂದ ಬಣ್ಣ ನೋಡಿ ತಗೊಳ್ಳೋ ವಸ್ತು ಅಲ್ಲ.

ನಮ್ಮ ಮನೇಲಿ ಇದು ದೊಡ್ಡ ಚರ್ಚೆ ಆಗೋಕೆ ಕಾರಣ ಇದೆ. ಮಗಳಿಗೆ ಈ ಸವಾರಿ ಹುಚ್ಚು ಆರು ವರ್ಷದಿಂದ. ಹಾಸನದಲ್ಲಿ ಕೆಲಸ, ಶನಿವಾರ ಊರಿಗೆ ಬರ್ತಾಳೆ. ಹೋದ ವರ್ಷ ಸ್ನೇಹಿತರೊಬ್ಬರ 25 ಕೆ.ಜಿ.ಯ ಬ್ಯಾಟರಿ ಸೈಕಲ್ ತಗೊಂಡು ಇಳಿಯುವಾಗ ಒದ್ದೆ ಜಂಬಿಟ್ಟಿಗೆ ಮಣ್ಣಿನ ತಿರುವಲ್ಲಿ ಜಾರಿ ಬಿದ್ದಳು. ಬಿದ್ದಿದ್ದಕ್ಕಿಂತ ಸೈಕಲ್ ಅವಳ ಮೇಲೆ ಬಿದ್ದಿದ್ದೇ ಜಾಸ್ತಿ ಪೆಟ್ಟು. ಕಾಲರ್ ಮೂಳೆ ಮುರಿದು ಆರು ವಾರ ಕೈ ಜೋಳಿಗೆಯಲ್ಲಿ. ವಾಸಿಯಾದ ಮೇಲೆ ತನ್ನ ಉಳಿತಾಯದ ದುಡ್ಡಲ್ಲಿ ತನ್ನದೇ ತಗೋತೀನಿ ಅಂದಳು. ಬೇಡ ಅನ್ನೋಕೆ ಅವಳೇನು ಚಿಕ್ಕ ಹುಡುಗಿ ಅಲ್ಲ, ದುಡ್ಡೂ ನಂದಲ್ಲ. ನಮ್ಮ ಮನೆಯವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನಗೆ ಹೇಳಿದ್ದು ಇಷ್ಟೇ: "ಅವಳು ಬೀಳಲ್ಲ ಅಂತ ನೀವೇನೂ ಬರೆದು ಕೊಡಕ್ಕಾಗಲ್ಲ. ಬಿದ್ರೆ ಅದನ್ನ ಪಕ್ಕಕ್ಕೆ ತಳ್ಳಿ ಎದ್ದು ಬರೋ ಹಂಗಿರೋದು ನೋಡಿ ಕೊಡಿಸಿ." ಅಂಗಡಿಯವರು ಕೊಟ್ಟ ಎಲ್ಲಾ ಕರಪತ್ರಗಳಿಗಿಂತ ಈ ಮಾತೇ ನಮಗೆ ಸರಿಯಾದ ಅಳತೆಗೋಲು ಆಯ್ತು.

ತೂಕದ ಲೆಕ್ಕ ನೋಡಿ. ಪೂರ್ತಿ ಶಕ್ತಿಯ ಮೋಟಾರ್, ದೊಡ್ಡ ಬ್ಯಾಟರಿ ಇರೋ ಮೌಂಟನ್ ಬೈಕ್ ಸಾಮಾನ್ಯವಾಗಿ 22ರಿಂದ 25 ಕೆ.ಜಿ. ಹಗುರ ವರ್ಗದ್ದು 17ರಿಂದ 20. ವ್ಯತ್ಯಾಸ ಐದಾರು ಕೆ.ಜಿ., ಅಂದ್ರೆ ಅರ್ಧ ಕೊಡ ನೀರು. 85 ಕೆ.ಜಿ. ಇರೋ ಗಂಡಸಿಗೆ ಇದು ದೊಡ್ಡದಲ್ಲ ಅನ್ನಿಸಬಹುದು. ನನ್ನ ಮಗಳು 52 ಕೆ.ಜಿ. ಅವಳಿಗೆ 25 ಕೆ.ಜಿ. ಸೈಕಲ್ ಅಂದ್ರೆ ಅವಳ ತೂಕದ ಹೆಚ್ಚುಕಮ್ಮಿ ಅರ್ಧ. ಬ್ರೇಕ್ ಹಿಡಿಯೋ ವಿಷಯದಲ್ಲಿ ಸವಾರಳ ತೂಕವೂ ಸೇರೋದ್ರಿಂದ ಈ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ. ಗೊತ್ತಾಗೋದು ಬೇರೆ ಕಡೆ. ಬೇರು ಬಂದಾಗ ಮುಂದಿನ ಚಕ್ರ ಎತ್ತೋದು, ಎಡಕ್ಕೆ ಬಾಗಿದ್ದನ್ನ ತಕ್ಷಣ ಬಲಕ್ಕೆ ಬಾಗಿಸೋದು, ಜಾರಿದಾಗ ಕಾಲು ಕೊಟ್ಟು ಹಿಡಿಯೋದು. ಆಮೇಲೆ ನಮ್ಮ ಕಡೆ ಉಣುಗೋಲು ದಾಟಿಸಬೇಕು, ಮುರಿದು ಬಿದ್ದ ಸಿಲ್ವರ್ ಮರ ದಾಟಿಸಬೇಕು, ಹಳ್ಳದ ಸಂಕದ ಮೇಲೆ ಹೊತ್ತುಕೊಂಡು ಹೋಗಬೇಕು. ಮೋಟಾರ್ ಎಷ್ಟೇ ಜೋರಿರಲಿ, ಈ ಯಾವುದಕ್ಕೂ ಅದು ಬರಲ್ಲ. ಕೈ, ಸೊಂಟವೇ ಬರಬೇಕು.

ಹಾಗಂತ ಭಾರದ್ದು ಕೆಟ್ಟದ್ದು ಅಂತಲ್ಲ. ನೇರ ಇಳಿಜಾರಲ್ಲಿ, ದಪ್ಪ ಕಲ್ಲಿನ ಮೇಲೆ ಭಾರದ ಸೈಕಲ್ ನೆಲ ಕಚ್ಚಿಕೊಂಡು ಹೋಗುತ್ತೆ, ಹಗುರದ್ದು ಪುಟಿಯುತ್ತೆ. ದಪ್ಪ ಮೈಯವರು, ಉದ್ದ ಏರು ಇರೋರು, ಒಂದೇ ದಿನ ಮೂರು ಗುಡ್ಡ ಹತ್ತೋರು ಪೂರ್ತಿ ಶಕ್ತಿಯದ್ದನ್ನೇ ನೋಡಲಿ. ತಿರುವು ಜಾಸ್ತಿ, ದಾರಿ ಕಿರಿದು, ಸವಾರರು ಹಗುರ ಅಂದ್ರೆ ಹಗುರದ್ದೇ ಸರಿ.

ಈಗ ಮೋಟಾರ್. ನಮ್ಮ ಪೇಟೆಯಲ್ಲಿ ಸಿಗೋ ಕಡಿಮೆ ಬೆಲೆಯ ಬ್ಯಾಟರಿ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಮೋಟಾರ್ ಹಿಂದಿನ ಚಕ್ರದ ಹಬ್ಬಿನಲ್ಲಿ ಇರುತ್ತೆ. ರಸ್ತೆಗೆ, ಪೇಟೆಗೆ ಅದು ಸಾಕು. ಗುಡ್ಡಕ್ಕೆ ಆಗಲ್ಲ. ಕಡಿದಾದ ಏರಲ್ಲಿ ಚಕ್ರ ನಿಧಾನ ತಿರುಗುವಾಗ ಹಬ್ ಮೋಟಾರೂ ನಿಧಾನ ತಿರುಗಬೇಕು, ಆಗ ಎಳೆತ ಕಮ್ಮಿ, ಬಿಸಿ ಜಾಸ್ತಿ. ಜೊತೆಗೆ ಹಿಂದಿನ ಚಕ್ರವೇ ಭಾರ ಆಗಿ ಕಲ್ಲಿಗೆ ಗುದ್ದುತ್ತೆ. ಟ್ರೇಲಿಗೆ ಬೇಕಾಗಿರೋದು ಪೆಡಲ್ ಜಾಗದಲ್ಲಿ ಕೂರೋ ಮಿಡ್ ಡ್ರೈವ್ ಮೋಟಾರ್. ಅದರ ಶಕ್ತಿ ಚೈನು, ಗೇರ್ ಮೂಲಕ ಹೋಗುತ್ತೆ. ಟಿಲ್ಲರಿಗೆ ಲೋ ಗೇರ್ ಹಾಕಿ ಏರು ಹತ್ತಿಸಿದ ಹಾಗೇ ಇದು. ಭಾರವೂ ಮಧ್ಯದಲ್ಲಿ, ಕೆಳಗೆ ಇರುತ್ತೆ.

ಮೋಟಾರಿನ ತಿರುಚುವ ಬಲವನ್ನ ನ್ಯೂಟನ್ ಮೀಟರಲ್ಲಿ ಹೇಳ್ತಾರೆ. ಬಾಷ್‌ನ ಪೂರ್ತಿ ಶಕ್ತಿಯ ಸಿಎಕ್ಸ್ ಮೋಟಾರ್ 2024ರಲ್ಲಿ 85 ಇತ್ತು. ಹಗುರ ವರ್ಗಕ್ಕೆ ದಾರಿ ಮಾಡಿಕೊಟ್ಟವುಗಳಲ್ಲಿ ಒಂದು 2020ರಲ್ಲಿ ಬಂದ ಸ್ಪೆಷಲೈಸ್ಡ್ ಕಂಪನಿಯ ಟರ್ಬೊ ಲೀವೊ ಎಸ್‌ಎಲ್. ಅದರದ್ದು ಬರೀ 35 ಇತ್ತು, ಬ್ಯಾಟರಿ 320 ವ್ಯಾಟ್ ಅವರ್. 2023ರ ಎರಡನೇ ಆವೃತ್ತಿಯಲ್ಲಿ ಅದೇ ಬ್ಯಾಟರಿಗೆ 50 ಆಯ್ತು. ಟ್ರೆಕ್‌ನ ಫ್ಯೂಯಲ್ ಇಎಕ್ಸ್‌ಇಯಲ್ಲಿ ಇರೋ ಟಿಕ್ಯೂ ಮೋಟಾರ್ 50, ತೂಕ 1.85 ಕೆ.ಜಿ., ಬ್ಯಾಟರಿ 360. ಬಾಷ್‌ನ ಹಗುರ ಮೋಟಾರ್ ಎಸ್‌ಎಕ್ಸ್ 2023ರಲ್ಲಿ ಬಂದಾಗ 55 ಇತ್ತು, ಬ್ಯಾಟರಿ 400. ಫಜುವಾ ರೈಡ್ 60 ಅನ್ನೋದು ಹೆಸರಲ್ಲೇ ಇರೋ ಹಾಗೆ 60, ಬ್ಯಾಟರಿ 430. ಡ್ರೋನ್ ಮಾಡೋ ಡಿಜೆಐ ಕಂಪನಿ 2024ರಲ್ಲಿ ಅವಿನಾಕ್ಸ್ ಅಂತ ತಂದಿದೆ, 105 ನ್ಯೂಟನ್ ಮೀಟರ್, ಆದರೂ ಮೋಟಾರ್ 2.52 ಕೆ.ಜಿ. ಮಾತ್ರ. ಹಗುರ ಅಂದ್ರೆ ಕಮ್ಮಿ ಶಕ್ತಿ ಅನ್ನೋ ಲೆಕ್ಕ ಈಗ ಬದಲಾಗ್ತಾ ಇದೆ.

ಅಂಗಡಿಯಲ್ಲಿ ಎಲ್ಲರೂ ತೋರಿಸೋದು ಇದೇ ಅಂಕಿ. ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನಿಸುತ್ತೆ. ಆದ್ರೆ ಮಳೆ ಬಿದ್ದ ಮಣ್ಣಲ್ಲಿ, ತರಗೆಲೆ ಮೇಲೆ ಜಾಸ್ತಿ ಬಲ ಕೊಟ್ರೆ ಹಿಂದಿನ ಚಕ್ರ ನಿಂತಲ್ಲೇ ಉರುಳುತ್ತೆ, ಟ್ರ್ಯಾಕ್ಟರ್ ಕೆಸರಲ್ಲಿ ಹೂತ ಹಾಗೆ. ನಮ್ಮ ತೋಟದ ದಾರಿಗಳಿಗೆ, ಕಾಲಲ್ಲಿ ಶಕ್ತಿ ಇರೋ ಮಕ್ಕಳಿಗೆ, 50-60 ಧಾರಾಳ ಸಾಕು.

ಬ್ಯಾಟರಿ ಎಷ್ಟು ದೂರ ಬರುತ್ತೆ ಅಂತ ಕೇಳಬೇಡಿ, ಎಷ್ಟು ಎತ್ತರ ಹತ್ತುತ್ತೆ ಅಂತ ಕೇಳಿ. ಲೆಕ್ಕ ಹತ್ತನೇ ಕ್ಲಾಸಿನ ವಿಜ್ಞಾನವೇ. ಮಗಳು 52, ಸೈಕಲ್ 19, ಹೆಲ್ಮೆಟ್ಟು, ನೀರು, ಬ್ಯಾಗು ಸೇರಿ 4. ಒಟ್ಟು 75 ಕೆ.ಜಿ. ಇದನ್ನ 100 ಮೀಟರ್ ಮೇಲಕ್ಕೆ ಎತ್ತೋಕೆ ಸುಮಾರು 20 ವ್ಯಾಟ್ ಅವರ್ ಬೇಕು. ಮಣ್ಣಿನ ಎಳೆತ, ಮೋಟಾರ್ ಬಿಸಿಯಾಗಿ ಹೋಗೋದು ಸೇರಿಸಿ 35 ಅಂತ ಇಟ್ಕೊಳ್ಳಿ. ಅರ್ಧ ಅವಳ ಕಾಲು, ಅರ್ಧ ಮೋಟಾರ್ ಅಂದ್ರೆ ಬ್ಯಾಟರಿಯಿಂದ 17-18. 360ರ ಬ್ಯಾಟರಿಯಲ್ಲಿ 60 ಉಳಿಸಿಕೊಂಡು 300 ಖರ್ಚು ಮಾಡಿದ್ರೆ ಲೆಕ್ಕದಲ್ಲಿ 1,700 ಮೀಟರ್ ಏರು. ಮಟ್ಟಸ ದಾರಿ, ಕೆಸರು, ಬ್ಯಾಟರಿ ಹಳೇದಾಗೋದು ಎಲ್ಲಾ ಕಳೆದು ನಾನು 1,200 ಮಾತ್ರ ನಂಬಿದೆ. ನಮ್ಮ ಹಳ್ಳದಿಂದ ಗುಡ್ಡದ ತಲೆಗೆ 220 ಮೀಟರ್. ನಾಲ್ಕು ಸಲ ಹತ್ತಿ ಇಳಿದರೂ ಆಚೆ ಉಳಿಯುತ್ತೆ. 85 ಕೆ.ಜಿ. ಹುಡುಗ, 24 ಕೆ.ಜಿ. ಸೈಕಲ್ ಅಂದ್ರೆ ಇದೇ ಏರಿಗೆ ಒಂದೂವರೆ ಪಟ್ಟು ಬೇಕು. ನಿಮ್ಮ ಮನೆ ಲೆಕ್ಕ ನೀವು ಹಾಕಿ ನೋಡಿ.

ಇನ್ನು ಎಲ್ಲಿ ತೂಕ ಇಳಿಸಬಾರದು ಅನ್ನೋದು. ಕೆಲವು ಸೈಕಲ್ ತಕ್ಕಡಿಯಲ್ಲಿ ಹಗುರ ತೋರಿಸೋಕೆ ತೆಳು ಟಯರ್, ಸಣ್ಣ ಬ್ರೇಕ್ ಹಾಕಿರ್ತಾರೆ. ರಸ್ತೆಯಲ್ಲಿ ಗೊತ್ತಾಗಲ್ಲ, ನಮ್ಮ ಚೂಪು ಕಲ್ಲಿಗೆ ತೆಳು ಟಯರ್ ಒಂದೇ ಇಳಿತಕ್ಕೆ ಸೀಳುತ್ತೆ. ಮೋಟಾರಲ್ಲಿ, ಬ್ಯಾಟರಿಯಲ್ಲಿ ತೂಕ ಇಳಿಸಿದ್ದರೆ ಸಂತೋಷ. ಟಯರ್, ಬ್ರೇಕ್, ಮುಂದಿನ ಫೋರ್ಕ್ ಈ ಮೂರರಲ್ಲಿ ಅಲ್ಲ. ನಾವು ನೋಡಿದ್ದು ಹೈಡ್ರಾಲಿಕ್ ಡಿಸ್ಕ್, ನಾಲ್ಕು ಪಿಸ್ಟನ್ನಿನದು, ಮುಂದಿನ ಡಿಸ್ಕ್ 200 ಮಿ.ಮೀ. ಸಸ್ಪೆನ್ಶನ್ ಮುಂದೆ 150, ಹಿಂದೆ 140 ಮಿ.ಮೀ. ಟಯರ್ 2.4 ಇಂಚು ಅಗಲ, ಪಕ್ಕ ಗಟ್ಟಿ ಇರೋದು, ಟ್ಯೂಬ್‌ಲೆಸ್. ಓಡಿಸ್ತಾ ಇರುವಾಗಲೇ ಒಂದು ಗುಂಡಿ ಒತ್ತಿ ಸೀಟು ಕೆಳಗೆ ಇಳಿಸೋ ಡ್ರಾಪರ್ ಇರಲೇಬೇಕು, ಕಡಿದಾದ ಇಳಿತಕ್ಕೆ ಹಿಂದಕ್ಕೆ ವಾಲೋಕೆ ಜಾಗ ಬೇಕಲ್ಲ. ಎತ್ತರ ಕಮ್ಮಿ ಇರೋರು ಮುಂದೆ 29, ಹಿಂದೆ 27.5 ಇಂಚಿನ ಚಕ್ರ ಇರೋದನ್ನ ನೋಡಬಹುದು, ಹಿಂದಿನ ಟಯರ್ ಕುಂಡಿಗೆ ತಾಗಲ್ಲ. ಸೈಜು ಮಾತ್ರ ಹತ್ತಿ ಕೂತೇ ನೋಡಬೇಕು. ಬೆಳೀತಾನೆ ಅಂತ ದೊಡ್ಡದು ಕೊಡಿಸೋಕೆ ಇದು ಸ್ಕೂಲ್ ಯೂನಿಫಾರಂ ಅಲ್ಲ.

ಕಂಪನಿಯವರು ಬರೆಯೋ ತೂಕ ಸಾಮಾನ್ಯವಾಗಿ ಪೆಡಲ್ ಇಲ್ಲದೆ ಇರುತ್ತೆ. ಮನೆಗೆ ಬಂದ ದಿನ ಕಾಫಿ ಮೂಟೆ ತೂಗೋ ಮಿಷಿನ್ ಮೇಲೆ ಇಟ್ಟೆ. ಕಾಗದದಲ್ಲಿ 18.2, ಪೆಡಲ್, ಮಡ್‌ಗಾರ್ಡ್, ನೀರಿನ ಬಾಟಲಿ ಸೇರಿ ನಮ್ಮ ಕಣದಲ್ಲಿ 19.6.

ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಪೆಡಲ್ ತುಳಿದರೆ ಮಾತ್ರ ಸಹಾಯ ಮಾಡೋ, ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟಿಗಿಂತ ಕಮ್ಮಿ ಇರೋ, 25 ಕಿ.ಮೀ. ವೇಗಕ್ಕೆ ಮೋಟಾರ್ ಬಿಡೋ ಸೈಕಲ್ ಮೋಟಾರು ವಾಹನ ಅಲ್ಲ. ಲೈಸೆನ್ಸು, ನಂಬರ್ ಪ್ಲೇಟ್ ಬೇಡ. ಇದಕ್ಕೆ ಸರಿಹೊಂದುತ್ತೆ ಅಂತ ಅಂಗಡಿಯವರ ಹತ್ರ ಬರೆಸಿಕೊಳ್ಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡೋ ಹಾಗಿಲ್ಲ, ಸೈಕಲ್ ಆದರೂ ಅಷ್ಟೇ. ಮೀಸಲು ಅರಣ್ಯಕ್ಕೂ ಇಲಾಖೆಯವರನ್ನ ಕೇಳದೆ ಇಳಿಸಬೇಡಿ. ಪಕ್ಕದವರ ತೋಟಕ್ಕೆ ಪಕ್ಕದವರನ್ನ ಕೇಳಿ.

ಆನೆ ವಿಚಾರ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಸೈಕಲ್ ಸದ್ದಿಲ್ಲದೆ ಬರುತ್ತೆ, ತಿರುವಿನ ಆಚೆ ಏನಿದೆ ಅಂತ ಇಬ್ಬರಿಗೂ ಗೊತ್ತಾಗಲ್ಲ. ನಮ್ಮ ಮನೆಯ ನಿಯಮ: ಬೆಳಿಗ್ಗೆ ಎಂಟಕ್ಕೆ ಮುಂಚೆ ಇಲ್ಲ, ಸಂಜೆ ನಾಲ್ಕೂವರೆ ಮೇಲೆ ಇಲ್ಲ, ಓಡಾಟದ ಸುದ್ದಿ ಇದ್ದ ದಿನ ಸೈಕಲ್ ಶೆಡ್ಡಲ್ಲೇ. ಹಣ್ಣು ಕೊಯ್ಲು ನಡೀತಿರುವಾಗ ಹೆಣ್ಣಾಳುಗಳು ತಲೆ ಮೇಲೆ ಮೂಟೆ ಹೊತ್ತು ಅದೇ ದಾರಿಯಲ್ಲಿ ಬರ್ತಾರೆ, ಆ ಎರಡು ತಿಂಗಳು ತೋಟದೊಳಗೆ ಸವಾರಿ ಪೂರ್ತಿ ಬಂದ್.

ನೋಡಿಕೊಳ್ಳೋದು ಕಷ್ಟ ಇಲ್ಲ. ಔಷಧಿ ಹೊಡೆಯೋ ಪಂಪಿನ ಜೋರು ನೀರು ಮೋಟಾರಿಗೆ, ಬೇರಿಂಗಿಗೆ ಬಿಡಬೇಡಿ, ಬಕೆಟ್ಟು ಬಟ್ಟೆ ಸಾಕು. ಗುಡುಗು ಸಿಡಿಲಿನ ಹೊತ್ತಲ್ಲಿ ಚಾರ್ಜರ್ ಪ್ಲಗ್ ಕಿತ್ತಿಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದಿದ್ದರೆ ಬ್ಯಾಟರಿ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯೂ ಬಿಡಬೇಡಿ, ಅರ್ಧದಷ್ಟು ಚಾರ್ಜ್ ಇಟ್ಟು ತಣ್ಣನೆ ಒಣ ಜಾಗದಲ್ಲಿ ಇಡಿ. ಬ್ರೇಕ್ ಪ್ಯಾಡ್ ಎರಡು ಜೊತೆ, ಗೇರ್ ಹ್ಯಾಂಗರ್ ಒಂದು ಮನೇಲಿ ಇರಲಿ, ನಮ್ಮ ಪೇಟೆಯಲ್ಲಿ ಸಿಗಲ್ಲ. ಮೋಟಾರ್ ಕೆಟ್ಟರೆ ಯಾರು ಬಿಚ್ತಾರೆ, ಎಲ್ಲಿಗೆ ಕಳಿಸಬೇಕು, ಎಷ್ಟು ದಿನ ಅಂತ ದುಡ್ಡು ಕೊಡೋಕೆ ಮುಂಚೆ ಕೇಳಿ. ಇದಕ್ಕೆ ನೇರ ಉತ್ತರ ಕೊಡದ ಒಂದು ಅಂಗಡಿಯಿಂದ ನಾವು ಎದ್ದು ಬಂದ್ವಿ.

ಕೊನೆಗೆ ನಾವು ತಗೊಂಡಿದ್ದು 50 ನ್ಯೂಟನ್ ಮೀಟರ್ ಮೋಟಾರಿನ, 360ರ ಬ್ಯಾಟರಿಯದ್ದು. ಅದಕ್ಕಿಂತ ಜೋರಿರೋದು ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿತ್ತು, ಬೆಲೆಯೂ ಸ್ವಲ್ಪ ಕಮ್ಮಿ. ಮಗಳು ಎರಡನ್ನೂ ನೆಲಕ್ಕೆ ಮಲಗಿಸಿ ಎತ್ತಿ ನೋಡಿ ಇದನ್ನ ಆರಿಸಿದಳು. ಕೂಲಿಯವರು, ನೆಂಟರು "ಹುಡುಗಿಗೆ ಅಷ್ಟು ದುಡ್ಡಿನ ಸೈಕಲ್ಲಾ" ಅಂತ ಕೇಳ್ತಾನೇ ಇದಾರೆ. ನಾಲ್ಕು ತಿಂಗಳಲ್ಲಿ ಎರಡು ಸಲ ಬಿದ್ದಿದಾಳೆ, ಎರಡೂ ಸಲ ಎದ್ದು ಓಡಿಸಿಕೊಂಡೇ ಮನೆಗೆ ಬಂದಿದಾಳೆ. ಅವಳಮ್ಮ ಈಗ ಶನಿವಾರ ಸಂಜೆ ಬಾಗಿಲಲ್ಲಿ ನಿಂತು ಕಾಯ್ತಾಳೆ, ಬೈಯ್ಯೋದು ಮಾತ್ರ ನಿಲ್ಲಿಸಿದಾಳೆ.

ಫೋನ್ ಮಾಡಿದ ಮೂರು ಮನೆಯವರಿಗೂ ನಾನು ಹೇಳೋದು ಒಂದೇ ಪರೀಕ್ಷೆ. ತಗೊಳ್ಳೋಕೆ ಮುಂಚೆ ಹುಡುಗನ ಕೈಗೆ ಆ ಸೈಕಲ್ ಕೊಟ್ಟು ಮೋಟಾರ್ ಆಫ್ ಮಾಡಿಸಿ. ಹಾಗೇ ಒಂದು ಕಿಲೋಮೀಟರ್ ಏರು ತುಳಿಯಲಿ. ಆಮೇಲೆ ಒಂದು ಉಣುಗೋಲು ಒಬ್ಬನೇ ದಾಟಿಸಲಿ. ಆಮೇಲೆ ಕಡಿದಾದ ಇಳಿಜಾರಲ್ಲಿ ಅರ್ಧ ದಾರಿಗೆ ಬ್ರೇಕ್ ಹಿಡಿದು ಪೂರ್ತಿ ನಿಲ್ಲಿಸಿ ತೋರಿಸಲಿ. ಮೂರೂ ಮಾಡಿದ್ರೆ ದುಡ್ಡು ಕೊಡಿ. ಆಗದಿದ್ರೆ ಅದು ಅವನ ಸೈಕಲ್ ಅಲ್ಲ, ಬೇರೆ ನೋಡಿ.